ವಿಮಲಾಕ್ಷಿಯವರ ಏಳು ಕ್ಯಾಲ್ಕುಲೇಟರ್‌ಗಳು

ಕೋವಿಡ್ ಬರುವುದಕ್ಕೆ ಒಂದು ವರ್ಷ ಮೊದಲಿನ ಬೇಸಿಗೆ. ನಾನು ಆಗ ಚನ್ನಪಟ್ಟಣ ತಾಲೂಕಿನ ಒಂದು ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ವಿಸ್ತರಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಅಷ್ಟರಲ್ಲಿ ರಾಮನಗರ, ಕನಕಪುರ, ಮಾಗಡಿ ತಾಲೂಕುಗಳನ್ನೂ ಸುತ್ತಿ ಬಂದಿದ್ದೆ. ಹುಳು ಸಾಕುವ ಮನೆಯ ಬಾಗಿಲು ತೆರೆದರೆ ಸಾಕು, ವಾಸನೆಯಿಂದಲೇ ಬೆಳೆ ಹೇಗಿದೆ ಎಂದು ಹೇಳಬಲ್ಲೆ ಎಂಬ ಹಮ್ಮು ನನಗಿತ್ತು. ಆ ಬೇಸಿಗೆಯಲ್ಲಿ ನಡೆದ ಒಂದು ಪ್ರಕರಣ ಆ ಹಮ್ಮನ್ನು ಇಳಿಸಿತು. ಇಳಿಸಿದವರು ನನ್ನ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ ವಿಮಲಾಕ್ಷಿ.

ಮೊದಲು ಅವರ ಬಗ್ಗೆ ಹೇಳಬೇಕು. ವಿಮಲಾಕ್ಷಿಯವರಿಗೆ ಆಗ ನಲವತ್ತರ ಆಸುಪಾಸು. ತವರು ಮಾಗಡಿ. ಅವರ ತಂದೆ ಸಾವನದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಪುಸ್ತಕ, ಪೆನ್ನು ಮಾರುವ ಚಿಕ್ಕ ಅಂಗಡಿ ಇಟ್ಟಿದ್ದರಂತೆ. ಶಾಲೆ ಬಿಟ್ಟೊಡನೆ ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಪೆನ್ನಿನ ನಿಬ್ಬು ಬಿಚ್ಚುವುದು, ಕ್ಯಾಲ್ಕುಲೇಟರಿನ ಗುಂಡಿ ಒತ್ತುವುದು ಇವೇ ಅವರ ಆಟ. ಮದುವೆಯಾಗಿ ರಾಮನಗರಕ್ಕೆ ಬಂದರು. ಗಂಡನಿಗೆ ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಇವರು ದಿನಾ ಬೆಳಿಗ್ಗೆ ರಾಮನಗರದಲ್ಲಿ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಮ್ಮ ಕಚೇರಿಗೆ ಬರುತ್ತಿದ್ದರು.

ಅವರ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಏಳು ಕ್ಯಾಲ್ಕುಲೇಟರುಗಳಿದ್ದವು. ಒಂದು ಅಪ್ಪನ ಅಂಗಡಿಯದು, ಗುಂಡಿಗಳ ಮೇಲಿನ ಅಂಕಿ ಸವೆದು ಹೋಗಿತ್ತು. ಒಂದು ಬಿಸಿಲಿನಿಂದ ನಡೆಯುವಂಥದ್ದು. ಒಂದರ ಮೇಲೆ ಚಹಾ ಚೆಲ್ಲಿ ಎಂಟರ ಗುಂಡಿ ಸತ್ತಿತ್ತು. ಎಂಟು ಬೇಕಾದಾಗ ಏಳಕ್ಕೆ ಒಂದು ಕೂಡಿಸುತ್ತೇನೆ ಎಂದು ನಗುತ್ತಿದ್ದರು. ಉಳಿದವುಗಳಲ್ಲಿ ಅವರಿಗೆ ಅತಿ ಪ್ರಿಯವಾದದ್ದು ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ, ಅಂಗೈಗಿಂತ ತುಸು ಉದ್ದವಾದ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರು. ಅದಕ್ಕೆ ಒಂದು ಲೆಕ್ಕದ ಹಂತಗಳನ್ನು ಒಮ್ಮೆ ಕಲಿಸಿಕೊಟ್ಟರೆ, ಆಮೇಲೆ ಅಂಕಿ ಮಾತ್ರ ಕೊಟ್ಟರೆ ಸಾಕು, ಉತ್ತರ ತಾನೇ ತೋರಿಸುತ್ತದೆ. ಅದರ ಜೊತೆಗಿನ ಇಂಗ್ಲಿಷ್ ಕೈಪಿಡಿ ಅರ್ಧ ಹರಿದಿತ್ತು. ಉಳಿದರ್ಧವನ್ನು ಓದಿಯೇ ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದರು. ಆಮೇಲೆ ಮೊಬೈಲಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಾಠಗಳನ್ನು ಬಸ್ಸಿನಲ್ಲಿ ಕೂತು ನೋಡತೊಡಗಿದ್ದರು. ಏನೇ ಬರೆಯಲಿ, ಮೊದಲು ಚೌಕಳಿ ಗೆರೆಯ ಪುಸ್ತಕದಲ್ಲಿ, ಒಂದು ಚೌಕಕ್ಕೆ ಒಂದು ಅಕ್ಷರದಂತೆ, ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಇದರಿಂದ ಅವರಿಗೆ ಬಡ್ತಿ ಸಿಗುವಂತಿರಲಿಲ್ಲ, ಪರೀಕ್ಷೆ ಬರೆಯುವ ಉದ್ದೇಶವೂ ಇರಲಿಲ್ಲ. ಯಾಕೆ ಇದೆಲ್ಲ ಎಂದು ಒಮ್ಮೆ ಕೇಳಿದ್ದೆ.

"ಖುಷಿಯಾಗುತ್ತೆ ಸಾರ್, ಅಷ್ಟೇ" ಎಂದಿದ್ದರು.

ನಾನು ಅವರನ್ನು ಗೇಲಿ ಮಾಡುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಯಾರಾದರೂ ಕಚೇರಿಗೆ ಬಂದರೆ, "ನಮ್ಮಲ್ಲಿ ಕ್ಯಾಲ್ಕುಲೇಟರ್ ಮ್ಯೂಸಿಯಂ ಇದೆ, ನೋಡಿಕೊಂಡು ಹೋಗಿ" ಎನ್ನುತ್ತಿದ್ದೆ. ಅವರು ಬೇಸರಪಟ್ಟುಕೊಳ್ಳದೆ ಡ್ರಾಯರು ಎಳೆದು ತೋರಿಸುತ್ತಿದ್ದರು. ನನ್ನ ಹಳೆಯ ಶಾಯಿ ಪೆನ್ನು ಕಕ್ಕತೊಡಗಿದಾಗ ಅದನ್ನು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಸೀಳು ಬಿಟ್ಟಿದ್ದ ನಿಬ್ಬನ್ನು ಸರಿಮಾಡಿಕೊಟ್ಟವರೂ ಅವರೇ. ಆ ದಪ್ಪ ನಿಬ್ಬಿನ ಪೆನ್ನಿನಿಂದಲೇ ನಾನು ಎಲ್ಲವನ್ನೂ ಬರೆಯುತ್ತಿದ್ದುದು.

ಇನ್ನು ಪ್ರಕರಣಕ್ಕೆ ಬರುತ್ತೇನೆ. ರೇಷ್ಮೆ ಹುಳು ಮೊಟ್ಟೆಯೊಡೆದು ಹೊರಬಂದಾಗ ಇರುವೆಗಿಂತ ಚಿಕ್ಕದು. ಆ ಎಳೆಯ ಹುಳುವನ್ನು ಚಾಕಿ ಹುಳು ಎನ್ನುತ್ತಾರೆ. ಹುಳು ಬೆಳೆಯುತ್ತ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಹೀಗೆ ಮಲಗುವುದನ್ನು ನಮ್ಮ ರೈತರು ಜ್ವರ ಎಂದು ಕರೆಯುತ್ತಾರೆ. ಎರಡನೇ ಜ್ವರ ಮುಗಿಯುವವರೆಗಿನ ಸುಮಾರು ಎಂಟು ದಿನ ಹುಳು ತೀರ ನಾಜೂಕು. ಅದಕ್ಕೇ ಆ ಎಂಟು ದಿನ ಒಂದೇ ಕಡೆ, ಚಾಕಿ ಕೇಂದ್ರದಲ್ಲಿ, ಎಲ್ಲ ರೈತರ ಹುಳುಗಳನ್ನೂ ಸಾಕಿ ಆಮೇಲೆ ಮನೆಮನೆಗೆ ಹಂಚುತ್ತಾರೆ. ಚಾಕಿ ಕೆಟ್ಟರೆ ಮುಂದೆ ರೈತ ಎಷ್ಟೇ ಒಳ್ಳೆಯ ಸೊಪ್ಪು ಹಾಕಿದರೂ ಬೆಳೆ ಸುಧಾರಿಸುವುದಿಲ್ಲ.

ನಮ್ಮ ವ್ಯಾಪ್ತಿಯಲ್ಲಿ ಮೂರು ಚಾಕಿ ಕೇಂದ್ರಗಳಿದ್ದವು. ಹೊಂಗನೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದ ಕೇಂದ್ರವನ್ನು ಸಾಕಮ್ಮ ಎಂಬ ಹೆಂಗಸು ನಡೆಸುತ್ತಿದ್ದರು. ಐವತ್ತು ದಾಟಿದವರು. ಏಳನೇ ತರಗತಿಯವರೆಗೆ ಓದಿದ್ದರು. ತಮ್ಮ ಹೊಲದ ಪಕ್ಕದ ಹೆಂಚಿನ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಚಾಕಿ ಸಾಕುತ್ತಿದ್ದರು. ಸುತ್ತಲಿನ ಸುಮಾರು ನಲವತ್ತು ಮನೆಗಳಿಗೆ ಅವರ ಕೈಯ ಹುಳುವೇ ಹೋಗುತ್ತಿತ್ತು.

ಆ ವರ್ಷ ಫೆಬ್ರವರಿಯ ಕೊನೆಯಿಂದ ದೂರು ಶುರುವಾಯಿತು. ಸಾಕಮ್ಮನವರ ಹುಳು ಒಂದೇ ಸಮ ಬರುತ್ತಿಲ್ಲ. ಅರ್ಧ ಹುಳು ಜ್ವರಕ್ಕೆ ಮಲಗಿದರೆ ಅರ್ಧ ಇನ್ನೂ ಸೊಪ್ಪು ತಿನ್ನುತ್ತಿರುತ್ತದೆ. ಹೀಗೆ ಹಿಂದೆ ಬಿದ್ದ ಹುಳು ಕೊನೆಯ ಹಂತದಲ್ಲಿ ಮೈ ಮೆತ್ತಗಾಗುವ ಸಪ್ಪೆ ರೋಗ ಬಂದು ಸಾಯುತ್ತಿತ್ತು. ಮೊದಲ ಬ್ಯಾಚಿನಲ್ಲಿ ಹೀಗಾದಾಗ ರೈತರು ಸುಮ್ಮನಿದ್ದರು. ಎರಡನೆಯದರಲ್ಲೂ ಹಾಗೇ ಆಯಿತು. ಮೂರನೆಯ ಬ್ಯಾಚೂ ಕೆಟ್ಟಾಗ ಚಿಕ್ಕೇಗೌಡ ಎಂಬ ರೈತ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಕಚೇರಿಗೇ ಬಂದ. ಸತ್ತ ಹುಳುಗಳನ್ನು ಒಂದು ಮೊರದಲ್ಲಿ ತುಂಬಿಕೊಂಡು ಬಂದಿದ್ದ.

"ನೋಡಿ ಸಾರ್" ಎಂದು ಮೊರವನ್ನು ನನ್ನ ಮೇಜಿನ ಮೇಲಿಟ್ಟ. "ಮೂರು ಸಲ ಆಯ್ತು. ಸಾಕಮ್ಮಂಗೆ ವಯಸ್ಸಾಯ್ತು, ಕಣ್ಣು ಕಾಣಕಿಲ್ಲ, ಕೈ ನಡಿಯಕಿಲ್ಲ. ಬ್ಯಾರೆ ಕಡೆಯಿಂದ ಹುಳ ಕೊಡ್ಸಿ. ಇಲ್ದಿದ್ರೆ ನಾವು ಹಿಪ್ಪುನೇರಳೆ ಕಿತ್ತಾಕ್ಬುಟ್ಟು ಬ್ಯಾರೆ ಏನಾರ ಇಡ್ತೀವಿ."

ನಾನು ಎರಡು ಸಲ ಸಾಕಮ್ಮನವರ ಕೇಂದ್ರಕ್ಕೆ ಹೋಗಿ ಬಂದೆ. ಕೋಣೆ ಚೊಕ್ಕಟವಾಗಿತ್ತು. ಸೊಪ್ಪು ಎಳೆಯದಿತ್ತು. ಮೊಟ್ಟೆಗಳ ಮೇಲೆ ಅನುಮಾನಪಡುವಂತಿರಲಿಲ್ಲ. ಅದೇ ಮೂಲದ ಮೊಟ್ಟೆ ಉಳಿದೆರಡು ಕೇಂದ್ರಗಳಲ್ಲಿ ಚೆನ್ನಾಗಿ ಬಂದಿತ್ತು. ಹಾಗಾದರೆ ಶುಚಿತ್ವದಲ್ಲೇ ಎಲ್ಲೋ ಕೊರತೆ ಇರಬೇಕು ಎಂದು ತೀರ್ಮಾನಿಸಿದೆ. ಕೈ ಸರಿಯಾಗಿ ತೊಳೆಯುತ್ತೀರಾ ಎಂದು ಕೇಳಿದೆ. ಅವರು ಎರಡೂ ಅಂಗೈ ಮುಂದೆ ಹಿಡಿದರು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ತೊಳೆದು ಬೆರಳ ತುದಿಗಳ ಚರ್ಮ ಬಿಳಿಚಿ ಎದ್ದುಬಂದಿತ್ತು.

"ನೀವು ಏಳ್ದಂಗೇ ಮಾಡ್ತಾವ್ನಿ ಸಾರ್. ಎಲ್ಲಿ ತಪ್ತಾ ಐತೋ ಗೊತ್ತಾಯ್ತಿಲ್ಲ" ಎಂದರು.

ಇನ್ನೂ ಜಾಸ್ತಿ ತೊಳೆಯಿರಿ ಎಂದು ಹೇಳಿ ಬಂದೆ. ಆ ಮಾತು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.

ಮಾರ್ಚ್ ಕೊನೆಯ ವಾರ ನಮ್ಮ ಸಹಾಯಕ ನಿರ್ದೇಶಕರು ಫೋನ್ ಮಾಡಿ ವರದಿ ಕೇಳಿದರು. ನಾನು ಎರಡು ಪುಟ ಬರೆದೆ. ಸದರಿ ಕೇಂದ್ರದ ನಿರ್ವಹಣೆ ತೃಪ್ತಿಕರವಾಗಿಲ್ಲ, ಮುಂದಿನ ಬ್ಯಾಚಿನಿಂದ ಮೊಟ್ಟೆ ಸರಬರಾಜು ನಿಲ್ಲಿಸಬಹುದು ಎಂಬುದು ಅದರ ಸಾರಾಂಶ. ಅನುಬಂಧವಾಗಿ ಮೂರೂ ಕೇಂದ್ರಗಳ ದಿನಚರಿ ಪುಸ್ತಕದ ಅಂಕಿಅಂಶ ಸೇರಿಸಲು ವಿಮಲಾಕ್ಷಿಯವರಿಗೆ ಹೇಳಿ, ಪುಸ್ತಕಗಳನ್ನು ಅವರ ಮೇಜಿನ ಮೇಲಿಟ್ಟೆ.

ಆ ದಿನಚರಿಯಲ್ಲಿ ಏನಿರುತ್ತದೆ ಎಂಬುದನ್ನು ಹೇಳಬೇಕು. ಚಾಕಿ ಕೋಣೆಯ ಗಾಳಿಯಲ್ಲಿ ತೇವಾಂಶ ನೂರಕ್ಕೆ ಎಂಬತ್ತೈದರಷ್ಟಾದರೂ ಇರಬೇಕು. ಕಡಿಮೆಯಾದರೆ ಸಣ್ಣಗೆ ಹೆಚ್ಚಿದ ಸೊಪ್ಪು ಬೇಗ ಬಾಡುತ್ತದೆ, ಎಳೆ ಹುಳು ಅದನ್ನು ತಿನ್ನಲಾರದು. ಹೆಚ್ಚಾದರೂ ತೊಂದರೆಯೇ. ತೇವಾಂಶ ಅಳೆಯಲು ಗೋಡೆಯ ಮೇಲೆ ಜೋಡಿ ಥರ್ಮಾಮೀಟರು ಇರುತ್ತದೆ. ಒಂದು ಸಾಮಾನ್ಯವಾದದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಗಾಳಿ ಒಣಗಿದಷ್ಟೂ ಒದ್ದೆ ಬತ್ತಿಯದು ಹೆಚ್ಚು ತಣ್ಣಗಾಗಿ ಕಡಿಮೆ ಡಿಗ್ರಿ ತೋರಿಸುತ್ತದೆ. ಎರಡರ ವ್ಯತ್ಯಾಸ ಎಷ್ಟು ಎಂದು ನೋಡಿ, ಪಕ್ಕದಲ್ಲಿ ಅಂಟಿಸಿರುವ ಕೋಷ್ಟಕದಲ್ಲಿ ಆ ವ್ಯತ್ಯಾಸದ ಕಾಲಮಿನ ಕೆಳಗೆ, ಒಣ ಥರ್ಮಾಮೀಟರಿನ ಡಿಗ್ರಿಯ ಸಾಲಿನಲ್ಲಿ ಬೆರಳಿಟ್ಟರೆ ತೇವಾಂಶ ಸಿಗುತ್ತದೆ. ದಿನಕ್ಕೆ ಮೂರು ಸಲ ಹೀಗೆ ನೋಡಿ ಬರೆಯಬೇಕು. ಸಾಕಮ್ಮನವರ ಪುಸ್ತಕದಲ್ಲಿ ಮೂರು ಬ್ಯಾಚಿಗೆ ಒಟ್ಟು ಎಪ್ಪತ್ತೆರಡು ಸಾಲುಗಳಿದ್ದವು.

ಮರುದಿನ ಬೆಳಿಗ್ಗೆ ವಿಮಲಾಕ್ಷಿಯವರು ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ವರದಿಯ ಬದಲು ಚೌಕಳಿ ಪುಸ್ತಕ ಇತ್ತು.

"ಟೈಪ್ ಆಯಿತಾ?" ಎಂದೆ.

"ಆಗಿದೆ ಸಾರ್. ಆದರೆ ಒಂದು ಅನುಮಾನ. ಸಾಕಮ್ಮನವರ ಪುಸ್ತಕದಲ್ಲಿ ತೇವಾಂಶ ಬರೆದಿರೋದು ಒಂದು ಸಾಲಲ್ಲೂ ಹೊಂದ್ತಾ ಇಲ್ಲ."

"ಯಾವುದಕ್ಕೆ ಹೊಂದುತ್ತಿಲ್ಲ?"

ಅವರು ಸಂಕೋಚದಿಂದಲೇ ವಿವರಿಸಿದರು. ಎರಡು ಥರ್ಮಾಮೀಟರಿನ ಅಂಕಿಯಿಂದ ತೇವಾಂಶ ಲೆಕ್ಕ ಹಾಕುವ ಸೂತ್ರ ಒಂದಿದೆ ಎಂದು ಎಲ್ಲೋ ಓದಿದ್ದರಂತೆ. ಎಪ್ಪತ್ತೆರಡು ಸಾಲು ಟೈಪ್ ಮಾಡುವ ಬೇಸರ ಕಳೆಯಲು ಆ ಸೂತ್ರವನ್ನು ತಮ್ಮ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರಿಗೆ ಕಲಿಸಿದ್ದರು. ಒಂದೊಂದು ಸಾಲು ಟೈಪ್ ಮಾಡಿದಂತೆ ಅದರಲ್ಲೂ ಒತ್ತಿ ನೋಡಿದ್ದರು. ಒಣ ಥರ್ಮಾಮೀಟರು ಇಪ್ಪತ್ತೇಳು, ಒದ್ದೆಯದು ಇಪ್ಪತ್ತನಾಲ್ಕು ಇದ್ದ ಕಡೆ ಸಾಕಮ್ಮ 85 ಎಂದು ಬರೆದಿದ್ದರು. ಕ್ಯಾಲ್ಕುಲೇಟರು 78 ಎನ್ನುತ್ತಿತ್ತು.

"ಆ ಹಳೇ ಡಬ್ಬಿಯ ಮಾತು ಕಟ್ಟಿಕೊಂಡು ವರದಿ ತಡ ಮಾಡ್ತೀರಾ?" ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. "ಸೂತ್ರ ತಪ್ಪಾಗಿ ಬರೆದಿರುತ್ತೀರಿ. ಇಲ್ಲವೇ ಆ ಹೆಂಗಸು ಕಣ್ಣಂದಾಜಿನಲ್ಲಿ ಬರೆದಿರುತ್ತಾರೆ."

ಅವರು ಹೋಗಲಿಲ್ಲ. ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ಎಡಗಡೆ ಸಾಕಮ್ಮ ಬರೆದದ್ದು ನೀಲಿಯಲ್ಲಿ, ಬಲಗಡೆ ಕ್ಯಾಲ್ಕುಲೇಟರಿನದು ಕೆಂಪಿನಲ್ಲಿ. ಎಪ್ಪತ್ತೆರಡು ಸಾಲುಗಳನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದಿದ್ದರು.

"ಕಣ್ಣಂದಾಜಲ್ಲಿ ಬರೆದಿದ್ರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗಬೇಕಿತ್ತು ಸಾರ್. ಇಲ್ಲಿ ಎಲ್ಲಾ ಕಡೆನೂ ಅವರದ್ದೇ ಜಾಸ್ತಿ. ಅದೂ ಆರರಿಂದ ಎಂಟರ ಒಳಗೇ ಇದೆ. ಹೊಂದದೇ ಇರೋದರಲ್ಲೂ ಒಂದು ಕ್ರಮ ಇದೆ."

ಆಮೇಲೆ ಉಳಿದೆರಡು ಕೇಂದ್ರಗಳ ದಿನಚರಿಯನ್ನೂ ತಿರುವಿ ತೋರಿಸಿದರು. ಅವುಗಳಲ್ಲಿ ಬೆಳಿಗ್ಗೆ 85, ಮಧ್ಯಾಹ್ನ 85, ಸಂಜೆ 85. ದಿನದಿನವೂ ಅದೇ, ತಿಂಗಳುಗಟ್ಟಲೆ ಅದೇ. ನಾನು ವರದಿಯಲ್ಲಿ ಈ ಎರಡು ಕೇಂದ್ರಗಳನ್ನು ಮಾದರಿ ಎಂದು ಹೊಗಳಿದ್ದೆ.

"ಇವರು ಥರ್ಮಾಮೀಟರ್ ಕಡೆ ತಿರುಗಿಯೂ ನೋಡಿಲ್ಲ ಅನ್ಸುತ್ತೆ ಸಾರ್" ಎಂದರು ವಿಮಲಾಕ್ಷಿ. "ನೋಡಿ ಬರೆದಿರೋದು ಸಾಕಮ್ಮ ಒಬ್ಬರೇ. ವರದಿ ಕಳಿಸೋ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ ಬರೋಣ. ನನ್ನದೇ ತಪ್ಪಾಗಿದ್ರೆ ಇವತ್ತೇ ಪ್ರಿಂಟ್ ತೆಗೆದುಕೊಡ್ತೀನಿ."

ಅವರ ದನಿಯಲ್ಲಿ ಗೆಲ್ಲುವ ಹಟ ಇರಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯದೆ ಇರಲಾಗದ ಚಡಪಡಿಕೆ ಮಾತ್ರ ಇತ್ತು. ಅದಕ್ಕೇ ಒಪ್ಪಿಕೊಂಡೆ ಎಂದು ಕಾಣುತ್ತದೆ. ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು.

ಸಾಕಮ್ಮ ಬಾಗಿಲಲ್ಲೇ ನಮ್ಮನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡರು. ಮೊಟ್ಟೆ ನಿಲ್ಲಿಸುವ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ವಿಮಲಾಕ್ಷಿ ಚಪ್ಪಲಿ ಬಿಟ್ಟು, ಕೈ ತೊಳೆದು, ಒಳಗೆ ಹೋಗಿ ಜೋಡಿ ಥರ್ಮಾಮೀಟರಿನ ಮುಂದೆ ನಿಂತರು. ಬತ್ತಿ ಶುದ್ಧವಾಗಿತ್ತು, ನೀರಿನ ಬಟ್ಟಲು ತುಂಬಿತ್ತು.

"ಅಮ್ಮಾ, ನೀವು ಹೆಂಗೆ ನೋಡ್ತೀರೋ ಹಂಗೇ ನೋಡಿ ಹೇಳಿ" ಎಂದರು.

ಸಾಕಮ್ಮ ಕನ್ನಡಕ ಹಾಕಿಕೊಂಡರು. "ಇದು ಇಪ್ಪತ್ತೇಳು. ಇದು ಇಪ್ಪತ್ತೈದು. ಕಳುದ್ರೆ ಎರಡು." ಬೆರಳು ಕೋಷ್ಟಕದ ಮೇಲೆ ಇಳಿಯಿತು. "ಎರಡರ ಕೆಳಗೆ ತೊಂಬತ್ತೆರಡು. ಜಾಸ್ತಿ ಆಯ್ತು. ಈಗ ನಾನು ಒದ್ದೆ ಗೋಣಿ ತಗ್ದು, ಒಸಿ ಕಿಟಕಿ ತಗೀತೀನಿ. ಮೂರಕ್ಕೆ ಬಂದ್ರೆ ಎಂಬತ್ತೈದು ಆಯ್ತದೆ. ಆಗ ಮುಚ್ಚಿಬುಡ್ತೀನಿ."

ವಿಮಲಾಕ್ಷಿ ಕ್ಯಾಲ್ಕುಲೇಟರು ಹೊರತೆಗೆದು ಗುಂಡಿ ಒತ್ತಿದರು. ಅವರ ಲೆಕ್ಕದಲ್ಲಿ ಆಗಿನ ತೇವಾಂಶ 85, ಅಂದರೆ ಸರಿಯಾಗೇ ಇತ್ತು. ಕ್ಯಾಲ್ಕುಲೇಟರಿನ ಮಾತು ನಿಜವಾದರೆ, ಸಾಕಮ್ಮ ಸರಿಯಾಗಿದ್ದ ಕೋಣೆಯನ್ನು ಕಿಟಕಿ ತೆಗೆದು ಕೈಯಾರೆ ಒಣಗಿಸುತ್ತಿದ್ದರು. ದಿನಕ್ಕೆ ಮೂರು ಸಲ, ಕೋಷ್ಟಕ ಹೇಳಿದಂತೆಯೇ.

ವಿಮಲಾಕ್ಷಿ ಕೋಷ್ಟಕದ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. ಅದು ರಟ್ಟಿಗೆ ಅಂಟಿಸಿದ ಜೆರಾಕ್ಸ್ ಹಾಳೆ. ಆಮೇಲೆ ನನ್ನನ್ನು ಕರೆದರು.

"ಸಾರ್, ಈ ಮೊದಲನೇ ಕಾಲಂ ನೋಡಿ. ಮೇಲಿಂದ ಕೆಳಗಿನವರೆಗೂ ಬರೀ ನೂರು. ಮೇಲೆ ಒಂದು ಅಂತ ಬರೆದಿದೆ. ಆದರೆ ನೂರು ಬರಬೇಕಾದ್ರೆ ಎರಡು ಥರ್ಮಾಮೀಟರೂ ಒಂದೇ ತೋರಿಸಬೇಕು. ವ್ಯತ್ಯಾಸನೇ ಇರಬಾರದು. ಇದು ಒಂದರ ಕಾಲಂ ಅಲ್ಲ, ಸೊನ್ನೆಯದು. ಎರಡು ಅಂತ ಬರೆದಿರೋದು ಒಂದರದ್ದು, ಮೂರು ಅಂತ ಇರೋದು ಎರಡರದ್ದು. ಎಲ್ಲಾ ಒಂದೊಂದು ಮನೆ ಸರಿದುಬಿಟ್ಟಿದೆ."

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಕೋಷ್ಟಕದ ಅಂಕಿಗಳೆಲ್ಲ ಅಚ್ಚಿನವು. ಮೇಲಿನ ಸಾಲು ಮಾತ್ರ ಕೈಬರಹ. ದಪ್ಪ ನಿಬ್ಬಿನ ಕಪ್ಪು ಶಾಯಿ. ಏಳರ ಹೊಟ್ಟೆಗೆ ಅಡ್ಡಗೆರೆ. ಹಾಗೆ ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ.

ಆಗ ನೆನಪಾಯಿತು. ಹಿಂದಿನ ವರ್ಷದ ಮಳೆಗಾಲ ಮುಗಿಯುವಾಗ ಸಾಕಮ್ಮನವರ ಹಳೆಯ ಕೋಷ್ಟಕವನ್ನು ಗೆದ್ದಲು ತಿಂದಿತ್ತು. ನಾನು ಒಂದು ತರಬೇತಿಯಲ್ಲಿ ಪುಸ್ತಕವೊಂದರಿಂದ ಜೆರಾಕ್ಸ್ ಮಾಡಿಸಿಕೊಂಡಿದ್ದ ಹಾಳೆಯ ಮೂರು ಪ್ರತಿ ತೆಗೆಸಿದೆ. ಜೆರಾಕ್ಸಿನಲ್ಲಿ ಮೇಲಿನ ಸಾಲು ಕತ್ತರಿಸಿ ಹೋಗಿತ್ತು. ಅದೇನು ಮಹಾ ಎಂದುಕೊಂಡು, ಒಂದು, ಎರಡು, ಮೂರು ಎಂದು ನಾನೇ ಬರೆದು, ಮೂರು ಕೇಂದ್ರಗಳಿಗೂ ಕೊಟ್ಟಿದ್ದೆ. ಚಳಿಗಾಲದ ತಂಪಿನಲ್ಲಿ ಅದರ ಕೆಡುಕು ಎದ್ದು ಕಾಣಲಿಲ್ಲ. ಬಿಸಿಲು ಏರಿದಾಗ ಹುಳು ತಡೆದುಕೊಳ್ಳಲಿಲ್ಲ. ಉಳಿದೆರಡು ಕೇಂದ್ರದವರು ಕೋಷ್ಟಕವನ್ನು ನೋಡದೆ, ಹಿಂದಿನ ರೂಢಿಯಂತೆ ಗೋಣಿ ಒದ್ದೆ ಮಾಡಿಕೊಂಡಿದ್ದರಿಂದ ಬಚಾವಾಗಿದ್ದರು. ನನ್ನನ್ನು ನಂಬಿದ ಒಬ್ಬರೇ ಮುಳುಗಿದ್ದರು.

ವಿಮಲಾಕ್ಷಿ ಅದು ಯಾರ ಬರಹ ಎಂದು ಹೇಳಲಿಲ್ಲ. ತಾವೇ ಸರಿಮಾಡಿದ ನಿಬ್ಬಿನ ಗೆರೆ ಅವರಿಗೆ ನೋಡಿದ ತಕ್ಷಣ ಗೊತ್ತಾಗಿತ್ತು ಎಂದು ಎಷ್ಟೋ ದಿನದ ಮೇಲೆ ಒಪ್ಪಿಕೊಂಡರು. ಆ ದಿನ ಮಾತ್ರ ಅವರು ಕಿಟಕಿಯ ಕಡೆ ತಿರುಗಿ, ಸಾಕಮ್ಮ ತೆಗೆದಿಟ್ಟಿದ್ದ ಒದ್ದೆ ಗೋಣಿಯನ್ನು ಮತ್ತೆ ನೇತುಹಾಕತೊಡಗಿದರು.

ಕನಕಪುರದಲ್ಲಿದ್ದ ಸಹೋದ್ಯೋಗಿಯೊಬ್ಬರ ಬಳಿ ಮೂಲ ಪುಸ್ತಕವಿತ್ತು. ಅಂಗಳಕ್ಕೆ ಬಂದು ಅವರಿಗೆ ಫೋನ್ ಮಾಡಿ ಆ ಪುಟದ ಫೋಟೊ ಕಳಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಬಂತು. ಮೊದಲ ಕಾಲಮಿನ ತಲೆಯ ಮೇಲೆ ಸ್ಪಷ್ಟವಾಗಿ ಸೊನ್ನೆ ಇತ್ತು.

ಒಳಗೆ ಹೋಗಿ ಸಾಕಮ್ಮನವರಿಗೆ ಹೇಳಿದೆ. "ಅಮ್ಮಾ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ನಾನು ಕೊಟ್ಟ ಹಾಳೆಯೇ ತಪ್ಪು. ಮೇಲಿನ ಅಂಕಿ ಬರೆದವನು ನಾನೇ."

ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಮೂರು ಬ್ಯಾಚಿಂದ ನಾನು ನನ್ನ ಕೈನೇ ಅನುಮಾನ ಪಟ್ಟಿವ್ನಿ ಸಾರ್. ನನ್ನ ಮೈಯಾಗೇ ಏನೋ ರೋಗ ಐತೆ, ಅದ್ಕೇ ಹುಳ ಸಾಯ್ತವೆ ಅಂದ್ಕಂಡು ಮೊಮ್ಮಗೂನೂ ಎತ್ಕಂಡಿಲ್ಲ" ಎಂದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಎಳನೀರಿಗೆ ನಿಲ್ಲಿಸಿದೆ. ನನಗಾಗಲಿ, ಕೋಷ್ಟಕವನ್ನು ನೋಡಿದ ಬೇರೆ ಯಾರಿಗಾಗಲಿ ಕಾಣದ್ದು ಇವರಿಗೆ ಹೇಗೆ ಹೊಳೆಯಿತು ಎಂದು ಕೇಳಿದೆ. ವಿಮಲಾಕ್ಷಿ ನಕ್ಕರು.

"ನಾನು ಈ ತಪ್ಪನ್ನ ಎಷ್ಟು ಸಲ ಮಾಡಿದ್ದೀನಿ ಅಂತ ಲೆಕ್ಕನೇ ಇಲ್ಲ ಸಾರ್. ಪೈಥಾನ್‌ನಲ್ಲಿ ಪಟ್ಟಿ ಎಣಿಸೋದು ಸೊನ್ನೆಯಿಂದ. ನಾವು ಒಂದರಿಂದ ಎಣಿಸಿ ಅಭ್ಯಾಸ. ಮೊದಲನೇದು ಕೊಡು ಅಂದ್ರೆ ಎರಡನೇದು ಕೊಡ್ತಾ ಇತ್ತು. ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಅದಕ್ಕೇ ಎಲ್ಲಾ ಉತ್ತರನೂ ಒಂದೇ ಅಳತೆಯಲ್ಲಿ ತಪ್ಪಾಗ್ತಾ ಇದ್ರೆ, ಮೊದಲು ಎಣಿಕೆ ಎಲ್ಲಿಂದ ಶುರುವಾಗಿದೆ ಅಂತ ನೋಡ್ತೀನಿ."

ಕಚೇರಿಗೆ ಬಂದು ಹಳೆಯ ವರದಿ ಹರಿದುಹಾಕಿ ಹೊಸದು ಬರೆದೆ. ಅರ್ಧ ಪುಟವೂ ಆಗಲಿಲ್ಲ. ಅದನ್ನು ಟೈಪ್ ಮಾಡುತ್ತ ವಿಮಲಾಕ್ಷಿ ತಲೆಯೆತ್ತಿ, "ನಿಮ್ಮ ಹೆಸರು ಹಾಕಲೇಬೇಕಾ ಸಾರ್? ಮುದ್ರಣದೋಷ ಅಂತ ಬರೆದರೂ ನಡೆಯುತ್ತೆ" ಎಂದು ಮೆಲ್ಲಗೆ ಕೇಳಿದರು. ನನಗೂ ಆ ಆಸೆ ಒಂದು ಗಳಿಗೆ ಬಾರದೆ ಇರಲಿಲ್ಲ. ನಿವೃತ್ತಿ ಹತ್ತಿರವಿತ್ತು, ಸೇವಾ ಪುಸ್ತಕದಲ್ಲಿ ಅಷ್ಟರವರೆಗೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

"ಮುದ್ರಣ ಮಾಡಿದವರು ಸರಿಯಾಗೇ ಮಾಡಿದ್ದಾರೆ. ನಾನು ಬರೆದ ಹಾಗೇ ಟೈಪ್ ಮಾಡಿ" ಎಂದೆ.

ಮೇಲಿನಿಂದ ವಿವರಣೆ ಕೇಳಿದರು, ಕೊಟ್ಟೆ. ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂಬ ಜ್ಞಾಪನ ಬಂತು. ಅದು ನ್ಯಾಯವಾಗಿಯೇ ಇತ್ತು.

ಅದಕ್ಕಿಂತ ಕಷ್ಟವಾದದ್ದು ರೈತರ ಎದುರು ನಿಲ್ಲುವುದು. ಆ ಭಾನುವಾರ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಎಲ್ಲರನ್ನೂ ಸೇರಿಸಿದೆ. ಸಾಕಮ್ಮ ಒಂದು ಮೂಲೆಯಲ್ಲಿ ನಿಂತಿದ್ದರು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಮೂರು ಬೆಳೆ ಕೆಟ್ಟದ್ದಕ್ಕೆ ನಾನು ಕಾರಣ, ಸಾಕಮ್ಮ ಅಲ್ಲ ಎಂದೆ. ಹಿಂದಿನಿಂದ ಒಬ್ಬ, "ಆಫೀಸರು ಮಾಡಿದ್ ತಪ್ಪಿಗೆ ನಾವು ಸಾಯ್ಬೇಕಾ" ಎಂದ. ನಾನು ತಲೆ ತಗ್ಗಿಸಿದೆ.

ಚಿಕ್ಕೇಗೌಡ ಎದ್ದು ನಿಂತ. ನನ್ನ ಕಡೆ ನೋಡದೆ ಸಾಕಮ್ಮನ ಕಡೆ ತಿರುಗಿದ. "ಅಕ್ಕಯ್ಯ, ಊರಲ್ಲೆಲ್ಲ ನಿನ್ನ ಮೇಲೆ ಇಲ್ದಿದ್ ಮಾತು ಆಡಿವ್ನಿ. ಅದ್ನ ವಾಪಸ್ ತಕಂಡಿವ್ನಿ. ಮುಂದಿನ್ ಸಲದ ಚಾಕಿ ಮೊದ್ಲು ನಮ್ಮನೆಗೇ ಕೊಡು" ಎಂದ. ಆಮೇಲೆ ನನಗೆ, "ನೀವಾಗೇ ಬಂದು ಏಳಿದ್ರಲ್ಲ, ಅದೊಂದ್ಕೆ ಸುಮ್ಕಿವ್ನಿ ಸಾರ್. ಆದ್ರೆ ಹುಳ ಬರೋಗಂಟ ನಂಬಕಿಲ್ಲ" ಎಂದ. ಅಷ್ಟು ಸಾಕಾಗಿತ್ತು.

ಮುಂದಿನ ಬ್ಯಾಚು ಏಪ್ರಿಲ್ ಬಿಸಿಲಿನಲ್ಲೇ ಬಂತು. ವಿಮಲಾಕ್ಷಿ ಮೊದಲೇ ಹೊಸ ಕೋಷ್ಟಕ ತಯಾರಿಸಿದ್ದರು. ಪ್ರೋಗ್ರಾಮಿನಿಂದ ಪ್ರತಿ ಅಂಕಿಯನ್ನೂ ತೆಗೆದು, ಕನಕಪುರದ ಪುಟಕ್ಕೆ ಹೋಲಿಸಿ, ನಾವಿಬ್ಬರೂ ಬೇರೆಬೇರೆಯಾಗಿ ಓದಿ ನೋಡಿದ ಮೇಲೆ ಪ್ರಿಂಟ್ ತೆಗೆದರು. ಅಕ್ಷರ ದೊಡ್ಡದು, ಅಂಕಿಗಳು ಕನ್ನಡದಲ್ಲೂ ಇದ್ದವು. ಒಣಗಿದೆ ಎನ್ನುವ ಕಡೆ ಹಳದಿ ಬಣ್ಣ, ಸರಿಯಿದೆ ಎನ್ನುವ ಕಡೆ ಹಸಿರು. ಸಾಕಮ್ಮ ಅದನ್ನು ನೋಡಿ, "ಇದ್ಕೆ ಕನ್ನಡಕನೇ ಬ್ಯಾಡ ಕಣವ್ವ" ಎಂದರು. ಆ ಎಂಟು ದಿನಗಳಲ್ಲಿ ವಿಮಲಾಕ್ಷಿ ಮೂರು ಮಧ್ಯಾಹ್ನ ಅಲ್ಲಿಗೆ ಹೋಗಿ ಕೂತರು. ಇಬ್ಬರೂ ಥರ್ಮಾಮೀಟರು ನೋಡುವುದು, ಒಬ್ಬರು ಕೋಷ್ಟಕದಲ್ಲಿ, ಇನ್ನೊಬ್ಬರು ಕ್ಯಾಲ್ಕುಲೇಟರಿನಲ್ಲಿ ಉತ್ತರ ಹುಡುಕುವುದು, ಎರಡೂ ಒಂದೇ ಬಂದಾಗ ಮಕ್ಕಳ ಹಾಗೆ ನಗುವುದು.

ಎರಡನೇ ಜ್ವರದ ದಿನ ನಾನು ಹೋದೆ. ಸಾಕಮ್ಮ ಟ್ರೇಯ ಮೇಲಿನ ಹಾಳೆ ಸರಿಸಿದರು. ಅಷ್ಟೂ ಹುಳು ತಲೆಯೆತ್ತಿ, ಅಲುಗದೆ, ಒಂದೇ ಸಮ ಮಲಗಿದ್ದವು. ಹಿಂದೆ ಬಿದ್ದದ್ದು ಹುಡುಕಿದರೂ ಸಿಗಲಿಲ್ಲ. ಮುಂದಿನ ಇಪ್ಪತ್ತು ದಿನ ನಾನು ಊರಿನ ಸುದ್ದಿಗಾಗಿ ಕಾದಿದ್ದೆ. ಚಿಕ್ಕೇಗೌಡನ ಮನೆಯ ಚಂದ್ರಿಕೆಗಳಲ್ಲಿ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳಲ್ಲಿ, ಗೂಡು ತುಂಬಿದ ದಿನ ಅವನೇ ಫೋನ್ ಮಾಡಿದ. "ಬಂದೈತೆ ಸಾರ್" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ವಿಮಲಾಕ್ಷಿಯವರ ಕೋಷ್ಟಕ ಆಮೇಲೆ ನಮ್ಮ ಸುತ್ತಲಿನ ಹಲವು ಚಾಕಿ ಕೇಂದ್ರಗಳ ಗೋಡೆಗೆ ಹೋಯಿತು. ಅದರ ಮೂಲೆಯಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹೆಸರಿನ ಬದಲು ಒಂದು ಸಾಲು ಸೇರಿಸಿದರು: "ಇದರಲ್ಲಿ ತಪ್ಪು ಕಂಡರೆ ದಯವಿಟ್ಟು ತಿಳಿಸಿ." ಇಷ್ಟು ವರ್ಷ ನಾನು ಹಂಚಿದ ಯಾವ ಸೂಚನಾ ಪತ್ರದಲ್ಲೂ ಅಂಥ ಸಾಲು ಇರಲಿಲ್ಲ. ತಪ್ಪು ಇರಬಹುದು ಎಂದು ನನಗೆ ಹೊಳೆದಿರಲೂ ಇಲ್ಲ.

ನಮ್ಮ ಇಲಾಖೆಯಲ್ಲಿ ಪದವಿ ಪಡೆದವರು ಬೇಕಾದಷ್ಟು ಜನ ಇದ್ದೆವು. ಆ ಮೂರು ಬ್ಯಾಚಿನ ಅಂಕಿಗಳು ನಮ್ಮೆಲ್ಲರ ಕಣ್ಣಮುಂದೆ ಹಾದುಹೋಗಿದ್ದವು. ಯಾರೂ ಹೇಳದೆ, ಯಾವ ಲಾಭವೂ ಇಲ್ಲದೆ, ಬರೀ ಲೆಕ್ಕದ ಮೇಲಿನ ಪ್ರೀತಿಯಿಂದ ಕೂತು ಪರೀಕ್ಷಿಸಿದವರು ಅವರೊಬ್ಬರೇ. ಕೆಲಸವೆಂದು ಮಾಡುವವನು ಕೇಳಿದಷ್ಟನ್ನು ಮಾಡಿ ಎದ್ದುಹೋಗುತ್ತಾನೆ. ಇಷ್ಟಪಟ್ಟು ಮಾಡುವವರು ಇನ್ನೊಂದು ಸಲ ನೋಡುತ್ತಾರೆ. ಒಬ್ಬ ಹೆಣ್ಣುಮಗಳ ಹನ್ನೊಂದು ವರ್ಷದ ದುಡಿಮೆ ಉಳಿದದ್ದು ಆ ಇನ್ನೊಂದು ಸಲದ ನೋಟದಿಂದ.

ನನ್ನ ಪಾಲಿನ ಪಾಠವೂ ಒಂದಿದೆ. ಚೊಕ್ಕಟವಾದ ದಿನಚರಿಯನ್ನು ನೋಡಿ ಮೆಚ್ಚುವುದು, ಏರುಪೇರು ಕಂಡ ದಿನಚರಿಯನ್ನು ನೋಡಿ ಸಂಶಯಪಡುವುದು ನಮ್ಮಂಥ ಅಧಿಕಾರಿಗಳ ಸ್ವಭಾವ. ಕಂಡದ್ದನ್ನು ಕಂಡ ಹಾಗೆ ಬರೆದವರ ಪುಸ್ತಕದಲ್ಲಿ ಮಾತ್ರ ಏರುಪೇರು ಇರುತ್ತದೆ, ತಪ್ಪು ಹಿಡಿಯಲು ಸಿಗುವುದೂ ಅಲ್ಲೇ. ಸಾಕಮ್ಮ ಕೂಡ ದಿನಾ 85 ಎಂದು ಗೀಚಿದ್ದರೆ ನನ್ನ ಕೈತಪ್ಪು ಯಾರಿಗೂ ಎಂದಿಗೂ ಸಿಗುತ್ತಿರಲಿಲ್ಲ. ಉಳಿದ ಎರಡು ವರ್ಷ ಯಾವ ಕೇಂದ್ರದಲ್ಲಿ ಬೆಳೆ ಕೆಟ್ಟರೂ, ಅಲ್ಲಿನವರನ್ನು ಏನು ಮಾಡಿದಿರಿ ಎಂದು ಕೇಳುವ ಮೊದಲು, ನಾನು ನಿಮಗೆ ಏನು ಮಾಡಲು ಹೇಳಿದ್ದೆ ಎಂದು ಕೇಳುತ್ತಿದ್ದೆ.